ಸೈಕಲ್ ನಾಲ್ಕು ಆಯಿತು, ಐದನೆಯದಕ್ಕೆ ಮನಸ್ಸು ಎಳೆಯುತ್ತಿದೆ. ಹೇಗೆ ತಡೆಯುವುದು?

ಪರ್ಕಳ ರೈಡರ್

ನಮಸ್ಕಾರ. ಇದನ್ನು ಬರೆಯಬೇಕು ಅಂತ ಸುಮಾರು ದಿನದಿಂದ ಇದ್ದೆ. ಕೆಲಸ ಮಣಿಪಾಲದಲ್ಲಿ, ಮನೆ ಪರ್ಕಳದ ಹತ್ತಿರ. ಮನೆಯಲ್ಲಿ ಈಗ ನಾಲ್ಕು ಸೈಕಲ್ ಇವೆ. ಒಂದು ಹೈಬ್ರಿಡ್ (ಡಾಂಬರಿಗೂ ಮಣ್ಣು ದಾರಿಗೂ ಆಗುವಂಥದ್ದು), 2017ರಲ್ಲಿ ತೆಗೆದದ್ದು, ದೊಡ್ಡವನಾದ ಮೇಲೆ ಮತ್ತೆ ಸೈಕಲ್ ತುಳಿಯಲು ಶುರು ಮಾಡಿದ್ದೇ ಅದರಲ್ಲಿ. ಆಮೇಲೆ ಒಂದು ರೋಡ್ ಬೈಕ್. ಆಮೇಲೆ ಸೆಕೆಂಡ್ ಹ್ಯಾಂಡ್ ಎಂಟಿಬಿ (ಮೌಂಟನ್ ಬೈಕ್), ಕಡಿಮೆಗೆ ಸಿಕ್ಕಿತು ಅನ್ನುವ ಒಂದೇ ಕಾರಣಕ್ಕೆ. ನಾಲ್ಕನೆಯದು ಅಪ್ಪನ ಹಳೇ ಅಟ್ಲಾಸ್. ಅದನ್ನು ನಾನು ತೆಗೆದದ್ದಲ್ಲ, ಆದರೆ ಅದೂ ಜಗಲಿಯಲ್ಲೇ ನಿಂತಿದೆ.

ಈಗ ಒಂದು ತಿಂಗಳಿಂದ ಗ್ರ್ಯಾವೆಲ್ ಬೈಕ್ (ಮಣ್ಣು, ಜಲ್ಲಿ ದಾರಿಗೂ ಆಗುವ ರೋಡ್ ಬೈಕ್) ತಲೆಯಲ್ಲಿ ಕೂತಿದೆ. ರಾತ್ರಿ ಊಟ ಆದ ಮೇಲೆ ಮೊಬೈಲ್ ಹಿಡಿದರೆ ಹನ್ನೊಂದೂವರೆ ತನಕ ಅದೇ. ಜೊತೆಗೆ ಆಗುಂಬೆ ಘಾಟಿ ಹತ್ತಲು ರೋಡ್ ಬೈಕ್‌ಗೆ ಹಗುರದ ಚಕ್ರ ಹಾಕಬೇಕು ಅಂತ ಇನ್ನೊಂದು ಆಸೆ.

ಪಾರ್ಟ್ಸ್ ಕಥೆ ಇನ್ನೂ ಉದ್ದ. ಒಂದು ಮಾತ್ರ ಹೇಳುತ್ತೇನೆ. ಹೈಬ್ರಿಡ್‌ನ ಹಿಂದಿನ ಹಬ್ (ಚಕ್ರದ ನಡುಭಾಗ) 10 ಸ್ಪೀಡ್, ಅಂದರೆ ಹಿಂದೆ ಹತ್ತು ಗೇರ್‌ದು. ಆಫರ್‌ನಲ್ಲಿ ಇತ್ತು ಅಂತ 11 ಸ್ಪೀಡ್ ರೋಡ್ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಚ್ಛ) ತರಿಸಿದೆ. ಕೂರಲಿಲ್ಲ. ಹಲ್ಲು ಕೂರುವ ಜಾಗ 1.85 ಮಿ.ಮೀ. ಕಡಿಮೆ ಬಿತ್ತು. ವಾಪಸ್ ಕಳಿಸುವ ಬದಲು ಅದಕ್ಕೆ ಸರಿಯಾಗುವ ಹಿಂದಿನ ಚಕ್ರ ತರಿಸಿದೆ. ಚಕ್ರ ಬಂದ ಮೇಲೆ 11 ಸ್ಪೀಡ್ ಶಿಫ್ಟರ್ (ಹ್ಯಾಂಡಲ್ ಮೇಲೆ ಗೇರ್ ಬದಲಿಸುವುದು) ಬೇಕಾಯಿತು, ಶಿಫ್ಟರ್‌ಗೆ ಹೊಂದುವ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವುದು), ಅದಕ್ಕೆ ಹೊಸ ಚೈನ್. 2,800 ರೂಪಾಯಿಯಲ್ಲಿ ಶುರುವಾದದ್ದು 19,000ಕ್ಕೆ ಹೋಗಿ ನಿಂತಿತು. ಆ ಸೈಕಲ್‌ನಲ್ಲಿ ಆಮೇಲೆ ನಾನು ಹೋದ ದೂರ 100 ಕಿ.ಮೀ. ಕೂಡ ಇಲ್ಲ.

ಕಳೆದ ಭಾನುವಾರ ಅಟ್ಟದಿಂದ ರಟ್ಟಿನ ಪೆಟ್ಟಿಗೆ ಇಳಿಸಿದೆ. ಎರಡು ವರ್ಷದ ಹಿಂದೆ ತರಿಸಿದ ಚರ್ಮದ ಸೀಟು ಬಟ್ಟೆ ಚೀಲದಲ್ಲೇ ಇತ್ತು. ತೆಗೆದರೆ ಮೇಲಿಡೀ ಬಿಳಿ ಬೂಸ್ಟು, ಬೆರಳಲ್ಲಿ ಒರೆಸಿದರೆ ಹಿಟ್ಟಿನ ಹಾಗೆ ಅಂಟುತ್ತದೆ. ಅರ್ಧ ಬಳಸಿ ಇಟ್ಟ ಸೀಲಂಟ್ (ಪಂಕ್ಚರ್ ಮುಚ್ಚುವ ದ್ರವ) ಬಾಟಲಿಯಲ್ಲಿ ಮೊಸರು ಒಡೆದ ಹಾಗೆ ಗಂಟು. ಪ್ಯಾಕೆಟ್ ಒಡೆಯದ ಚೈನ್ ಮೂರು, ಟ್ಯೂಬ್ ಒಂಬತ್ತು. ಅದರ ಹಿಂದಿನ ವಾರವೇ ಟ್ಯೂಬ್ ಇಲ್ಲ ಅಂದುಕೊಂಡು ಎರಡು ತರಿಸಿದ್ದೆ.

ಅಮ್ಮ ಬಂದು ನೋಡಿದರು. ಬೈಯಲಿಲ್ಲ. "ಮಗಾ, ಮಳೆ ಬಿಡುವ ತನಕ ಒಂದು ಸೈಕಲ್ ಆದರೂ ಬೇರೆ ಕಡೆ ಇಡ್ಲಿಕ್ಕೆ ಆಗ್ತದಾ? ಬಟ್ಟೆ ಒಣಗಿಸ್ಲಿಕ್ಕೆ ಜಾಗ ಇಲ್ಲ" ಅಂತ ಮಾತ್ರ ಹೇಳಿದರು. ಜಗಲಿಯ ಹಗ್ಗದಲ್ಲಿ ನನ್ನ ಮಗಳ ಶಾಲೆ ಯೂನಿಫಾರ್ಮ್ ಒದ್ದೆಯಾಗಿ ಹ್ಯಾಂಡಲ್‌ಗೆ ತಾಗಿಕೊಂಡಿತ್ತು, ಬಿಳಿ ಶರ್ಟಿನ ತೋಳಿಗೆ ಚೈನಿನ ಕಪ್ಪು ಹತ್ತಿತ್ತು. ಅದು ತುಂಬಾ ನಾಟಿತು.

ಹಣ ಸಾಲ ಮಾಡಿ ಏನೂ ತೆಗೆದಿಲ್ಲ. ಆದರೆ ಕಳೆದ ಒಂದು ವರ್ಷದ್ದು ಕೂಡಿಸಿ ನೋಡಿದರೆ 61,000 ಆಗಿದೆ. ಹಬ್ಬದ ಆಫರ್ ಬೇರೆ ಹತ್ತಿರ ಬಂತು. ಇದರಿಂದ ಹೊರಗೆ ಬಂದವರು ಇದ್ದರೆ ಹೇಗೆ ಬಂದಿರಿ ಹೇಳಿ. "ಇನ್ನೊಂದು ತಗೊಳ್ಳಿ ಬಿಡಿ" ಅನ್ನುವ ಮಾತು ಬೇಡ, ಅದನ್ನು ಹೇಳುವವರು ನನಗೆ ಬೇಕಾದಷ್ಟು ಜನ ಇದ್ದಾರೆ.

ಕಾಪು ಕಡಲು

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಆರ್ಡರ್‌ಗಳ ತಾರೀಕು ತೆಗೆದು ನೋಡಿ. ಯಾವ ತಿಂಗಳಲ್ಲಿ ಎಷ್ಟು?

ನಾನು ಮೂರು ವರ್ಷದ ಹಿಂದೆ ಇದನ್ನು ಮಾಡಿದ್ದೆ. ನನ್ನ ಖರೀದಿಯಲ್ಲಿ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಇತ್ತು. ಯಾಕೆ ಅಂತ ಕೇಳಿದರೆ ಉತ್ತರ ಸುಲಭ. ಮಳೆ ಹಿಡಿದರೆ ನಮ್ಮಲ್ಲಿ ನಾಲ್ಕು ತಿಂಗಳು ಸೈಕಲ್ ಹೊರಗೆ ತೆಗೆಯುವುದಿಲ್ಲ. ಕಾಲು ಸುಮ್ನೆ ಕೂರುತ್ತದೆ, ತಲೆ ಕೂರುವುದಿಲ್ಲ. ಹೊರಗೆ ಧೋ ಅಂತ ಸುರಿಯುವಾಗ ಮೊಬೈಲ್‌ನಲ್ಲಿ ಯಾವುದೋ ದೇಶದ ಒಣ ರಸ್ತೆಯ ವಿಡಿಯೋ ನೋಡುತ್ತಾ ಇರುತ್ತೇವೆ, ಕೆಳಗೆ ಬೆಲೆ ಬರೆದಿರುತ್ತದೆ. ನನಗೆ ಬೇಕಿದ್ದದ್ದು ಕಾಪು ದೀಪಸ್ತಂಭದ ತನಕ ಒಂದು ಬೆಳಗಿನ ಸುತ್ತು. ಸಿಕ್ಕಿದ್ದು ಹ್ಯಾಂಡಲ್ ಟೇಪ್.

ಈಗ ಮಳೆಯಲ್ಲೂ ಹೋಗುತ್ತೇನೆ. ಒಂದು ಸೈಕಲ್‌ಗೆ ಪೂರ್ತಿ ಉದ್ದದ ಮಡ್‌ಗಾರ್ಡ್ ಹಾಕಿಸಿದ್ದೇನೆ. ಬೆಳಿಗ್ಗೆ ಆರಕ್ಕೆ ಹೊರಟು ಒಳರಸ್ತೆಯಲ್ಲಿ 15 ಕಿ.ಮೀ., ಅಷ್ಟೇ. ಹೈವೇ ಬೇಡ. ನೀರು ನಿಂತ ಕಡೆ ಹೊಂಡ ಕಾಣುವುದಿಲ್ಲ, ಅಲ್ಲಿ ಇಳಿದು ತಳ್ಳಿಕೊಂಡು ಹೋಗಿ. ರಿಮ್ ಬ್ರೇಕ್ ಆದರೆ ಒದ್ದೆಯಲ್ಲಿ ನಿಲ್ಲಲು ಜಾಸ್ತಿ ದೂರ ಬೇಕು, ಪ್ಯಾಡ್ ಕೂಡ ಬೇಗ ಸವೆಯುತ್ತದೆ. ಮನೆಗೆ ಬಂದು ಒಂದು ಬಕೆಟ್ ನೀರು ಹೊಯ್ದು, ಹಳೇ ಬೈರಾಸಿನಲ್ಲಿ ಚೈನ್ ಒರೆಸಿ ಎಣ್ಣೆ ಬಿಡುತ್ತೇನೆ. ಆ ದಿನ ರಾತ್ರಿ ಮೊಬೈಲ್ ತೆಗೆದು ಪಾರ್ಟ್ಸ್ ನೋಡಬೇಕು ಅಂತ ಅನಿಸುವುದೇ ಇಲ್ಲ.

ಪರ್ಕಳ ರೈಡರ್

ಈಗಷ್ಟೇ ನೋಡಿದೆ. ಒಂದು ವರ್ಷದಲ್ಲಿ 23 ಆರ್ಡರ್. ಅದರಲ್ಲಿ 15 ತುಳು ತಿಂಗಳು ಆಟಿ ಮತ್ತು ಸೋಣದಲ್ಲಿ, ಅಂದರೆ ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ. ಡಿಸೆಂಬರ್‌ನಲ್ಲಿ ಒಂದೂ ಇಲ್ಲ, ಆ ತಿಂಗಳು ನಾನು 640 ಕಿ.ಮೀ. ಓಡಿಸಿದ್ದೆ. ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತೆ.

ಬಾಡಿಗೆ ಸೈಕಲ್ ಅಂಗಡಿ

ನಾನು ಉಡುಪಿ ಕಡೆಯವ, ರಿಪೇರಿ ಕೆಲಸ. ಅಪ್ಪಯ್ಯ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುತ್ತಿದ್ದರು, ಅದೇ ಅಂಗಡಿ. ಪಾರ್ಟ್ಸ್ ಮಾರುವವನು ನಾನೇ, ಆದರೂ ನಿಜ ಹೇಳುತ್ತೇನೆ.

ನಮ್ಮ ಊರಿನ ಗಾಳಿಯಲ್ಲಿ ಉಪ್ಪು ಉಂಟು, ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಬೆಂಗಳೂರಿನವರು ಕಪಾಟಿನಲ್ಲಿ ಐದು ವರ್ಷ ಇಟ್ಟ ಸಾಮಾನು ಇಲ್ಲಿ ಎರಡು ಮಳೆಗಾಲ ತಾಳುವುದಿಲ್ಲ. ಟಯರ್ ಇಟ್ಟಲ್ಲೇ ಪಕ್ಕ ಬಿರಿಯುತ್ತದೆ. ರಬ್ಬರ್ ಸೊಲ್ಯೂಷನ್ ಒಮ್ಮೆ ಮುಚ್ಚಳ ತೆಗೆದರೆ ಮುಂದಿನ ಪಂಕ್ಚರ್‌ಗೆ ಆ ಸೊಲ್ಯೂಷನ್ ಟ್ಯೂಬ್ ಒಳಗೆ ಗಾಳಿ ಮಾತ್ರ ಇರುತ್ತದೆ. ಡಾಟ್ ಬ್ರೇಕ್ ಆಯಿಲ್ ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ, ಒಮ್ಮೆ ಮುಚ್ಚಳ ತೆಗೆದ ಬಾಟಲಿ ಇಟ್ಟುಕೊಳ್ಳಲೇಬಾರದು. ಹಾಗಾಗಿ "ಕಡಿಮೆಗೆ ಸಿಕ್ಕಿದಾಗ ತೆಗೆದಿಟ್ಟರೆ ಮುಂದೆ ಬೇಕಾಗುತ್ತದೆ" ಅನ್ನುವ ಲೆಕ್ಕ ಕರಾವಳಿಯಲ್ಲಿ ನಡೆಯುವುದಿಲ್ಲ ಮಾರಾಯ್ರೆ. ಅಂಗಡಿಯಲ್ಲಿ ಇರಲಿ ಬಿಡಿ, ತುಕ್ಕು ಹಿಡಿದರೆ ನಷ್ಟ ಅಂಗಡಿಯವನಿಗೆ.

ಇನ್ನೊಂದು. ನನ್ನ ಹತ್ತಿರ ಬಂದು "ಈ ಸೈಕಲ್ ಸಾಕಾಯಿತು, ಬೇರೆ ತೆಗೆಯಬೇಕು" ಅನ್ನುವವರಲ್ಲಿ ಸುಮಾರು ಜನರ ಸೈಕಲ್‌ನಲ್ಲಿ ನಿಜವಾಗಿ ಕೆಟ್ಟಿರುವುದು ಗೇರ್ ಕೇಬಲ್. ಹೊರಗಿನ ಕವರ್ ಚೆನ್ನಾಗಿ ಕಾಣುತ್ತದೆ, ಒಳಗೆ ತುಕ್ಕು ಹಿಡಿದು ವಯರ್ ಎಳೆಯುತ್ತಾ ಇರುತ್ತದೆ. ಶಿಫ್ಟರ್ ಒತ್ತಿದರೆ ಗೇರ್ ಒಂದು ಗಳಿಗೆ ತಡೆದು ಬೀಳುತ್ತದೆ. ಸೈಕಲ್ ಹಳತಾಯಿತು ಅಂತ ಅನಿಸುವುದು ಆಗಲೇ. ಒಳಗಿನ ವಯರ್, ಹೊರಗಿನ ಕವರ್ ಎರಡೂ ಬದಲಿಸಿ, ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಿ, ಚಕ್ರದ ಓಲಾಟ ತೆಗೆದು ಕೊಟ್ಟರೆ ಅವರು ಅಂಗಡಿ ಮುಂದೆ ಒಂದು ಸುತ್ತು ಹೊಡೆದು ಬಂದು ಇದು ನನ್ನದೇ ಸೈಕಲ್ಲಾ ಅಂತ ಕೇಳುತ್ತಾರೆ. ಹೊಸ ಸೈಕಲ್ ಆಸೆ ಬಂದಾಗ ಮೊದಲು ಇದನ್ನು ಮಾಡಿಸಿ ಹದಿನೈದು ದಿನ ಓಡಿಸಿ.

ಸೀಟಿನ ಕಂಬವನ್ನೂ ವರ್ಷಕ್ಕೊಮ್ಮೆ ತೆಗೆದು ಗ್ರೀಸ್ ಹಚ್ಚಿ. ಸ್ಟೀಲ್ ಫ್ರೇಮ್ ಒಳಗೆ ಅಲ್ಯೂಮಿನಿಯಂ ಕಂಬ ಇದ್ದರೆ ಉಪ್ಪು ಗಾಳಿಗೆ ಎರಡೂ ಕಚ್ಚಿಕೊಂಡು ಬಿಡುತ್ತದೆ, ಆಮೇಲೆ ಗರಗಸವೇ ಗತಿ.

ಚೈನ್ ವಿಷಯ. ಮೂರು ಇದೆ ಅಂದಿರಲ್ಲ, ಒಳ್ಳೆಯದೇ, ಅವು ಮುಗಿಯುವ ತನಕ ಹೊಸ ಚೈನ್ ಕೊಳ್ಳಬೇಡಿ. ಹಾಕಿದ ಚೈನ್ ಸವೆದಿದೆಯಾ ಅಂತ ಸ್ಟೀಲ್ ಸ್ಕೇಲ್ ಹಿಡಿದು ನೋಡಿ. ಒಂದು ಪಿನ್ನಿನ ನಡುವಿನಿಂದ 12 ಇಂಚು ಅಳೆದರೆ ಹೊಸ ಚೈನ್‌ನಲ್ಲಿ ಸರಿಯಾಗಿ ಇನ್ನೊಂದು ಪಿನ್ನಿನ ನಡುವೆ ಬಂದು ನಿಲ್ಲುತ್ತದೆ. ಅದು ಒಂದೂವರೆ ಮಿಲಿಮೀಟರ್ ಆಚೆ ಹೋಗಿದ್ದರೆ ಬದಲಿಸಿ. ಹೋಗಿಲ್ಲ ಅಂದರೆ ಮುಟ್ಟಬೇಡಿ. ಸಮಯಕ್ಕೆ ಚೈನ್ ಬದಲಿಸಿದರೆ ಕ್ಯಾಸೆಟ್ ಎರಡು ಮೂರು ಚೈನ್ ತನಕ ಬರುತ್ತದೆ.

ಚರ್ಮದ ಸೀಟು ಎಸೆಯಬೇಡಿ. ಒಣ ಬಟ್ಟೆಯಲ್ಲಿ ಬೂಸ್ಟು ಒರೆಸಿ, ನೆರಳಲ್ಲಿ ಗಾಳಿಗೆ ಇಡಿ, ಬಿಸಿಲಿಗೆ ಬೇಡ. ಸರಿ ಆಗುತ್ತದೆ.

ಕದ್ರಿ ಗುಡ್ಡೆ

ಹಗುರದ ಚಕ್ರದ ಬಗ್ಗೆ ನಾನು ಲೆಕ್ಕ ಕೊಡುತ್ತೇನೆ, ನನಗೆ ಲೆಕ್ಕ ಮಾಡಿದರೆ ಮಾತ್ರ ಮನಸ್ಸು ನಿಲ್ಲುವುದು.

ನೀವು, ಬಟ್ಟೆ, ನೀರು, ಸೈಕಲ್ ಎಲ್ಲ ಸೇರಿ 85 ಕಿಲೋ ಅಂತ ಇಟ್ಟುಕೊಳ್ಳಿ. ಹೊಸ ಚಕ್ರದಿಂದ 300 ಗ್ರಾಂ ಕಡಿಮೆ ಆಯಿತು. ಅಂದರೆ ಒಟ್ಟು ತೂಕದಲ್ಲಿ ಶೇ. 0.35. ಕಡಿದಾದ ಏರಿನಲ್ಲಿ ನಿಧಾನಕ್ಕೆ ಹತ್ತುವಾಗ ಸಮಯ ಹೆಚ್ಚುಕಡಿಮೆ ತೂಕದ ಲೆಕ್ಕದಲ್ಲೇ ಇರುತ್ತದೆ. ಸೋಮೇಶ್ವರದಿಂದ ಆಗುಂಬೆಗೆ ನಿಮಗೆ ಒಂದು ಗಂಟೆ ಬೇಕು ಅಂತಾದರೆ ಉಳಿಯುವುದು 12-13 ಸೆಕೆಂಡ್. ಹದಿನಾಲ್ಕು ತಿರುವು ಇದೆ ಅಲ್ಲಿ, ಒಂದು ತಿರುವಿನಲ್ಲಿ ಬಸ್ಸಿಗೆ ದಾರಿ ಬಿಡಲು ನಿಂತರೆ ಅದು ಹೋಯಿತು. ಅದೇ 300 ಗ್ರಾಂ ಬಾಟಲಿಯ ಒಂದೂವರೆ ಲೋಟ ನೀರಿನ ತೂಕ.

ಘಾಟಿಯಲ್ಲಿ ನಿಜವಾಗಿ ಕಷ್ಟ ಕೊಡುವುದು ಗೇರ್. ನಿಮ್ಮ ರೋಡ್ ಬೈಕ್ ಮುಂದೆ 50/34 ಹಲ್ಲು, ಹಿಂದೆ 11-28 ಹಲ್ಲು ಇರಬೇಕು ಅಂತ ಊಹೆ, ಹೆಚ್ಚಿನವುಗಳಲ್ಲಿ ಹಾಗೇ ಬರುತ್ತಿತ್ತು. ಅದರ ಅತಿ ಸುಲಭ ಗೇರ್‌ನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಚಕ್ರ 1.21 ಸುತ್ತು. ನಿಮಿಷಕ್ಕೆ 60 ಸಲ ತುಳಿದರೆ ಗಂಟೆಗೆ ಸುಮಾರು 9 ಕಿ.ಮೀ. ಆ ವೇಗ ಹಿಡಿಯಲು ಆಗದಿದ್ದರೆ ಮಂಡಿ ಮೇಲೆ ಭಾರ ಬೀಳುತ್ತದೆ. ಹಿಂದೆ 34 ಹಲ್ಲಿನದು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೇ ಸುತ್ತು, ಅದೇ ತುಳಿತಕ್ಕೆ ಏಳೂವರೆ ಕಿ.ಮೀ. ವೇಗ. ಮಾತನಾಡುತ್ತಾ ಹತ್ತಬಹುದು. ನಿಮ್ಮ ಡಿರೇಲರ್ ಎಷ್ಟು ಹಲ್ಲಿನ ತನಕ ತಾಳುತ್ತದೆ ಅಂತ ಮೊದಲು ನೋಡಿ, ಈ ಸಲ ಸ್ಪೀಡ್ ಲೆಕ್ಕವನ್ನೂ ನೋಡಿ. ಇದು ಒಂದೇ ಪಾರ್ಟ್, ಬೇಕಾಗಿದ್ದೇ ಆದರೆ ಇದಕ್ಕೆ ಮಾತ್ರ ನಾನು ಸರಿ ಅನ್ನುತ್ತೇನೆ.

ಗ್ರ್ಯಾವೆಲ್ ಬೈಕ್‌ಗೂ ಹೀಗೇ. ಹೈಬ್ರಿಡ್‌ನ ಫ್ರೇಮ್ ಮತ್ತು ಟಯರ್ ನಡುವಿನ ಸಂದು ಅಳೆಯಿರಿ. 38 ಮಿ.ಮೀ. ಅಗಲದ ಟಯರ್ ಹಾಕಿ ಎರಡೂ ಕಡೆ 4 ಮಿ.ಮೀ. ಆದರೂ ಉಳಿಯುತ್ತದೆ ಅಂತಾದರೆ, ಗಾಳಿ ಸ್ವಲ್ಪ ಕಡಿಮೆ ಹಾಕಿ ತೋಟದ ಮಣ್ಣು ದಾರಿಯಲ್ಲಿ ಹೋಗಿ ಬನ್ನಿ. ನಿಮ್ಮ ಹತ್ತಿರ ಎಂಟಿಬಿ ಕೂಡ ಇದೆ. ಆ ಎಂಟಿಬಿಯಲ್ಲಿ ಕಳೆದ ವರ್ಷ ಎಷ್ಟು ಸಲ ಮಣ್ಣು ದಾರಿಗೆ ಹೋದಿರಿ?

ನೇತ್ರಾವತಿ ತೀರ

ನನ್ನ ಹತ್ತಿರ ಮೂರು ಇದ್ದವು, ಈಗ ಒಂದು. ಎರಡನ್ನು ಮಾರಿದ್ದು ಮಗ ಕಾಲೇಜಿಗೆ ಸೇರಿದ ವರ್ಷ, ಮನಸ್ಸಿಲ್ಲದೆ. ಉಳಿದದ್ದು ಮಾಮೂಲಿ ಅಲಾಯ್ ಫ್ರೇಮ್, 9 ಸ್ಪೀಡ್. ಅದೇ ಸೈಕಲ್‌ನಲ್ಲಿ ಮರು ವರ್ಷ 200, 300, 400, 600 ಕಿ.ಮೀ.ಯ ಬ್ರೆವೆ (ಕೊಟ್ಟ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ನಾಲ್ಕನ್ನೂ ಒಂದೇ ಸೀಸನ್‌ನಲ್ಲಿ ಮುಗಿಸಿದೆ. 200ಕ್ಕೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಸಮಯ ಕೊಡುತ್ತಾರೆ. ಶುರುವಿನಲ್ಲಿ ಎಲ್ಲರ ಸೈಕಲ್ ನೋಡಿ ನನ್ನದರಲ್ಲಿ ಆಗುತ್ತದಾ ಅಂತ ಹೆದರಿಕೆ ಇತ್ತು. 400ರ ರಾತ್ರಿ ಮರವಂತೆ ದಾಟುವಾಗ ಒಂದು ಕಡೆ ಸಮುದ್ರದ ಶಬ್ದ, ಇನ್ನೊಂದು ಕಡೆ ಸೌಪರ್ಣಿಕಾ ನದಿ ಕಪ್ಪಗೆ ಮಲಗಿದ ಹಾಗೆ. ಗಂಟೆ ಮೂರೂವರೆ ಇರಬೇಕು. ನನ್ನ ಮುಂದೆ ಹೋಗುತ್ತಿದ್ದವರ ಕೆಂಪು ಲೈಟ್ ಬಿಟ್ಟರೆ ಏನೂ ಇಲ್ಲ. ಆ ಹೊತ್ತಿನಲ್ಲಿ ನನ್ನ ಸೈಕಲ್ ಯಾವ ಕಂಪನಿದು ಅನ್ನುವುದೂ ನೆನಪಿನಲ್ಲಿ ಇರಲಿಲ್ಲ.

ಖರ್ಚೇ ಮಾಡಬಾರದು ಅಂತ ನಾನು ಹೇಳುವುದಿಲ್ಲ. ಎರಡು ವಿಷಯಕ್ಕೆ ನಾನು ಹಣ ಹಾಕಿದ್ದು ಸರಿ ಇತ್ತು. ಒಂದು ಒಳ್ಳೆಯ ಲೈಟ್, ಒಂದು ನನಗೆ ಹೊಂದುವ ಸೀಟು. ಎರಡೂ ಕಷ್ಟ ಅನುಭವಿಸಿದ ಮೇಲೆ ತೆಗೆದದ್ದು. ಕತ್ತಲಲ್ಲಿ ಹೊಂಡಕ್ಕೆ ಬಿದ್ದೆ, ಲೈಟ್ ತೆಗೆದೆ. 150 ಕಿ.ಮೀ. ದಾಟಿದ ಮೇಲೆ ಕೂರಲು ಆಗಲಿಲ್ಲ, ಸೀಟು ಬದಲಿಸಿದೆ.

ನನಗೆ ಉಪಯೋಗ ಆದ ಒಂದು ಕ್ರಮ ಇದೆ. ಏನಾದರೂ ಬೇಕು ಅನಿಸಿದರೆ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಆ ದಿನದ ಚೌಕದಲ್ಲಿ ಅದರ ಹೆಸರು, ಬೆಲೆ, ಯಾವ ತೊಂದರೆಗೆ ಬೇಕು ಅನ್ನುವುದನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಒಂದು ಸಂಕ್ರಮಣ ದಾಟುವ ತನಕ ತೆಗೆಯುವುದಿಲ್ಲ. ಮನೆಯವರೆಲ್ಲ ಓದುವ ಜಾಗ ಅದು, ಹಾಗಾಗಿ "ಯಾವ ತೊಂದರೆಗೆ" ಅನ್ನುವಲ್ಲಿ ಸುಳ್ಳು ಬರೆಯಲು ಆಗುವುದಿಲ್ಲ. ಜಾಸ್ತಿ ಸಲ ಆ ಜಾಗದಲ್ಲಿ ಬರೆಯಲು ಏನೂ ಇರುವುದಿಲ್ಲ. ಮೊಬೈಲ್‌ನ ಅಂಗಡಿ ಆ್ಯಪ್‌ಗಳಿಂದ ಕಾರ್ಡ್ ನಂಬರ್ ಕೂಡ ತೆಗೆದು ಹಾಕಿದ್ದೇನೆ. ಪ್ರತಿ ಸಲ ಎದ್ದು ಹೋಗಿ ಪರ್ಸ್ ತರಬೇಕು ಅಂದರೆ ಅರ್ಧ ಆಸೆ ಅಲ್ಲೇ ಇಳಿಯುತ್ತದೆ.

ಕುದುರೆಮುಖ ಕಂಡವ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನನ್ನ ಹತ್ತಿರ ಆರು ಇವೆ, ಎಲ್ಲ ಹಳೇ ಸ್ಟೀಲ್ ಸೈಕಲ್, ನನಗೆ ಅದರ ಬಗ್ಗೆ ಬೇಸರ ಇಲ್ಲ. ಪ್ರತಿಯೊಂದನ್ನೂ ತಿಂಗಳಿಗೆ ಎರಡು ಸಲ ಆದರೂ ಓಡಿಸುತ್ತೇನೆ, ಬಿಚ್ಚಿ ಜೋಡಿಸುವುದೇ ನನಗೆ ಸಂತೋಷ. ಸೈಕಲ್ ಇಷ್ಟಪಡುವುದು ತಪ್ಪು ಅಂತ ನೀವು ನಿಮ್ಮನ್ನೇ ಬೈದುಕೊಳ್ಳಬೇಡಿ.

ಆದರೆ ಓಡದ ಸೈಕಲ್ ಇಟ್ಟುಕೊಳ್ಳುವುದು ನನ್ನಿಂದ ನೋಡಲಾಗದು. ನಮ್ಮ ಸರ್ಕಾರ 2006-07ರಲ್ಲಿ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತ್ತು, ಆ ಕಾಲದಲ್ಲಿ ಬೆಳಿಗ್ಗೆ ಹೈಸ್ಕೂಲ್ ದಾರಿಯಲ್ಲಿ ಸಾಲು ಸಾಲು ಸೈಕಲ್ ಕಾಣುತ್ತಿತ್ತು. ಆಮೇಲೆ ಅದು ನಿಂತು ಹೋಯಿತು. ಮಳೆ ಕಳೆದ ಮೇಲೆ ಮೂರು ನಾಲ್ಕು ಕಿ.ಮೀ. ನಡೆಯುವ ಮಕ್ಕಳು ನಿಮ್ಮ ಸುತ್ತಮುತ್ತ ಇದ್ದೇ ಇರುತ್ತಾರೆ. ನಾನು ಕಳೆದ ವರ್ಷ ಒಂದನ್ನು ಪಕ್ಕದ ಮನೆಗೆ ಕೆಲಸಕ್ಕೆ ಬರುವವರ ಮಗಳಿಗೆ ಕೊಟ್ಟೆ. ಕೊಡುವ ಮೊದಲು ಬ್ರೇಕ್, ಟಯರ್, ಬೆಲ್ ಎಲ್ಲ ಸರಿ ಮಾಡಿ ಕೊಟ್ಟೆ. ಕೆಟ್ಟದ್ದನ್ನು ದಾಟಿಸಬಾರದು. ನಿಮ್ಮ ಎಂಟಿಬಿ ಬಗ್ಗೆ ಯೋಚಿಸಿ.

ಪರ್ಕಳ ರೈಡರ್

ಎಲ್ಲರಿಗೂ ಧನ್ಯವಾದ. ಮೂರು ವಾರ ಆಯಿತು, ಆಗಿದ್ದನ್ನು ಹೇಳುತ್ತೇನೆ.

ಕದ್ರಿ ಗುಡ್ಡೆಯವರು ಕೇಳಿದ್ದಕ್ಕೆ ಉತ್ತರ: ಎಂಟಿಬಿಯಲ್ಲಿ ಮಣ್ಣು ದಾರಿಗೆ ಹೋದದ್ದು ಎರಡೇ ಸಲ. ಅದನ್ನು ನಮ್ಮ ವಾರ್ಡಿನ ಹತ್ತನೇ ತರಗತಿ ಹುಡುಗನಿಗೆ ಕೊಟ್ಟೆ, ಒಂಬತ್ತು ಟ್ಯೂಬಿನಲ್ಲಿ ಅದರ ಅಳತೆಯ ನಾಲ್ಕು ಕೂಡ ಅದರ ಜೊತೆಗೆ ಹೋಯಿತು. ಜಗಲಿಯಲ್ಲಿ ಜಾಗ ಆಯಿತು. ಅಮ್ಮ ಹಗ್ಗವನ್ನು ಕಂಬದಿಂದ ಕಂಬಕ್ಕೆ ನೇರವಾಗಿ ಕಟ್ಟಿದ್ದಾರೆ.

ಹೈಬ್ರಿಡ್‌ಗೆ ಮಡ್‌ಗಾರ್ಡ್ ಹಾಕಿಸಿದೆ, ಕೇಬಲ್ ಬದಲಿಸಿದೆ. ಅಂಗಡಿ ಅಣ್ಣ ಹೇಳಿದ ಹಾಗೇ ಇತ್ತು, ಹಳೇ ಕವರ್ ಕತ್ತರಿಸಿದಾಗ ಒಳಗಿಂದ ಕಂದು ಪುಡಿ ಉದುರಿತು. ಮಳೆಯಲ್ಲಿ ಏಳು ದಿನ ಹೋಗಿ ಬಂದೆ, ಹಿರಿಯಡ್ಕ ಕಡೆಗೆ, ಒಳದಾರಿಯಲ್ಲಿ. ನೇತ್ರಾವತಿ ತೀರದ ಅಕ್ಕ ಹೇಳಿದ ಕ್ಯಾಲೆಂಡರ್ ಕ್ರಮ ಶುರು ಮಾಡಿದ್ದೇನೆ. ಗ್ರ್ಯಾವೆಲ್ ಬೈಕ್ ಬರೆದಿದ್ದೇನೆ, "ಯಾವ ತೊಂದರೆಗೆ" ಅನ್ನುವ ಜಾಗ ಇನ್ನೂ ಖಾಲಿ. ಆಸೆ ಪೂರ್ತಿ ಹೋಗಿಲ್ಲ. ಶುಕ್ರವಾರ ರಾತ್ರಿ ಒಮ್ಮೆ ಕಾರ್ಟ್‌ಗೆ ಹಾಕಿ, ಸ್ವಲ್ಪ ಹೊತ್ತು ನೋಡಿ, ಕಾರ್ಟ್‌ನಿಂದ ವಾಪಸ್ ತೆಗೆದೆ. ಹಬ್ಬದ ಆಫರ್ ಹೇಗೆ ಕಳೆಯುತ್ತದೋ ನೋಡಬೇಕು.

ಇನ್ನೊಂದು ವಿಷಯ. ಜಗಲಿ ಖಾಲಿ ಆದ ಮೇಲೆ ಅಪ್ಪನ ಅಟ್ಲಾಸ್ ಮುಂದೆ ಬಂತು. ಅಂಗಳದಲ್ಲಿ ಒಂದು ಸುತ್ತು ತುಳಿದೆ, ಎಡಗಡೆ ಪೆಡಲ್ ಕೆಳಗೆ ಬರುವಾಗ ಪ್ರತಿ ಸುತ್ತಿಗೂ ಟಕ್ ಅನ್ನುತ್ತದೆ. ಅಪ್ಪ ಒಳಗಿಂದಲೇ "ಕಾಟರ್ ಪಿನ್ ಸವೆದಿದೆ" ಅಂದರು, ಪೆಡಲಿನ ತೋಳನ್ನು ಅಚ್ಚಿಗೆ ಹಿಡಿಸುವ ಪಿನ್ ಅದು. ಅವರು ಅದನ್ನು ಬಿಟ್ಟು ಹನ್ನೊಂದು ವರ್ಷ ಆಗಿದೆ. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರಲ್ಲೇ ನಿಂತಿದೆ. ಕಾಟರ್ ಪಿನ್ ಈಗ ಎಲ್ಲಾದರೂ ಸಿಗುತ್ತದಾ?

ಬಾಡಿಗೆ ಸೈಕಲ್ ಅಂಗಡಿ

ಅದಕ್ಕೆ ಕಂಪನಿ ಬೇಡ, ಇಂಥ ಹಳೇ ಸೈಕಲ್‌ಗೆ ಹೆಚ್ಚಾಗಿ ಅದೇ ಪಿನ್. 28 ಇಂಚಿನ ಟಯರ್ ಕೂಡ ಉಂಟು. ಹಳೇ ಪಿನ್ ಹೊಡೆದು ತೆಗೆಯಲು ನೀವು ಹೋಗಬೇಡಿ, ತುದಿ ಚಪ್ಪಟೆಯಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಭಾನುವಾರ ಮಧ್ಯಾಹ್ನದ ತನಕ ಅಂಗಡಿ ತೆರೆದಿರುತ್ತದೆ, ಸೈಕಲ್ ತನ್ನಿ. ಸಾಧ್ಯ ಆದರೆ ಅಪ್ಪನನ್ನೂ ಕರೆದುಕೊಂಡು ಬನ್ನಿ.